ದುರ್ಗದ ಸೀಮೆಗೆ ಬಂದ ದಾರಿಗಳು

ಹೊರಗಿನವರು ನಮ್ಮ ದೇಶವನ್ನು ಯಾವ ಯಾವ ದಾರಿಯಿಂದ ಸೇರಿದರು ಎಂದು ಶಾಲೆಯಲ್ಲಿ ಮೇಷ್ಟರು ಕೇಳಿದರೆ ಹುಡುಗರೆಲ್ಲ ಒಂದೇ ಪಾಠವನ್ನು ಒಪ್ಪಿಸುವುದು ವಾಡಿಕೆ: ನೆಲದ ಮೇಲೆ ಖೈಬರ್ ಕಣಿವೆ, ಕಡಲಿನ ಮೇಲೆ ಕಲ್ಲಿಕೋಟೆ, ಈಚೆಗೆ ಆಕಾಶಮಾರ್ಗ. ಪಾಠ ತಪ್ಪಲ್ಲ. ಆದರೆ ಅದನ್ನು ಕಲಿತವನಿಗೆ, ದಾರಿ ಎಂದರೆ ದೇಶದ ಅಂಚಿನಲ್ಲಿ ಇರತಕ್ಕ ವಸ್ತು, ಒಳನಾಡಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಉಳಿದುಬಿಡುತ್ತದೆ. ಕಡಲನ್ನೇ ಕಾಣದ ಊರಿಗೆ ಕಡಲಿನ ದಾರಿ ಹೇಗೆ ಬಂದೀತು?

ಈ ಪ್ರಶ್ನೆಗೆ ಉತ್ತರ ಬೇಕಾದವರು ಚಿತ್ರದುರ್ಗದ ಸೀಮೆಯನ್ನು ನೋಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇವು ನಾಲ್ಕೂ ಬಯಲುಸೀಮೆಯ ನಡುಮಧ್ಯದ ಊರುಗಳು. ಪಶ್ಚಿಮದ ಕಡಲಿಗೂ ಇವಕ್ಕೂ ನಡುವೆ ಇಡಿಯ ಮಲೆನಾಡು ಮಲಗಿದೆ. ಪೂರ್ವದ ಕಡಲಂತೂ ಇನ್ನೂ ದೂರ. ಪ್ರಯಾಣಿಕರ ವಿಮಾನ ಇಳಿಯುವ ನಿಲ್ದಾಣ ಈ ಜಿಲ್ಲೆಯಲ್ಲಿಲ್ಲ. ಆದರೂ ಎರಡು ಸಾವಿರದ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲದಿಂದ ನೆಲ, ಜಲ, ವಾಯು ಎಂಬ ಮೂರು ದಾರಿಗಳೂ ಒಂದಲ್ಲ ಒಂದು ರೂಪದಲ್ಲಿ ಈ ಸೀಮೆಯನ್ನು ಮುಟ್ಟಿವೆ. ಆ ದಾರಿಗಳಲ್ಲಿ ಯಾರು ಬಂದರು, ಏನನ್ನು ತಂದರು, ಹಿಂದಿರುಗುವಾಗ ಏನನ್ನು ಕೊಂಡುಹೋದರು ಎಂಬುದೇ ಈ ಸೀಮೆಯ ಇತಿಹಾಸದ ಬಹುಪಾಲು.

ಚಪಡನು ನಡೆದ ದಾರಿ

ಮೊದಲ ದಾರಿಯ ಗುರುತು ಜಿಲ್ಲೆಯ ಈಶಾನ್ಯದ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಪತ್ತೆ ಮಾಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹ ನೇರವಾಗಿ ಪಾಟಲಿಪುತ್ರದಿಂದ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದಲ್ಲಿದ್ದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ, ಅನಂತರ ದೊರೆಯ ಮಾತನ್ನು ತಿಳಿಸುತ್ತಾರೆ. ಇಂದಿನ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಮೇಲಿನ ಕಚೇರಿಯಿಂದ ಪ್ರಾಂತ್ಯದ ಕಚೇರಿಗೆ, ಅಲ್ಲಿಂದ ಜಿಲ್ಲೆಯ ಕಚೇರಿಗೆ ಇಳಿದುಬಂದ ಸುತ್ತೋಲೆ ಇದು. ಇಸಿಲವೆಂಬುದು ಬ್ರಹ್ಮಗಿರಿಯ ಬುಡದಲ್ಲಿದ್ದ ಊರು. ಸುತ್ತೋಲೆ ಹೀಗೆ ಇಳಿದುಬರಬೇಕಾದರೆ ಅದು ಬರಲು ದಾರಿಯಿರಬೇಕು. ದಾರಿಯಲ್ಲಿ ತಂಗಲು ಎಡೆ ಬೇಕು, ಹೊಳೆ ದಾಟಲು ಕಡವು ಬೇಕು, ಕಳ್ಳಕಾಕರ ಭಯವಿಲ್ಲದಂತೆ ಕಾವಲು ಬೇಕು. ಶಾಸನದಲ್ಲಿ ಇವು ಯಾವುವನ್ನೂ ಹೇಳಿಲ್ಲ. ಆದರೆ ಆ ಬಂಡೆಯೇ ಇವೆಲ್ಲ ಇದ್ದುವೆಂಬುದಕ್ಕೆ ಸಾಕ್ಷಿ.

ಈ ಶಾಸನದಲ್ಲಿ ೨೫೬ ಎಂಬ ಸಂಖ್ಯೆಯೊಂದು ಬರುತ್ತದೆ. ದೊರೆ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದಕ್ಕಿಂತಲೂ ಸ್ವಾರಸ್ಯದ ಸಂಗತಿ ಕೊನೆಯ ಸಾಲಿನಲ್ಲಿದೆ. ಬರೆದವನು ಚಪಡ ಎಂದು ತನ್ನ ಹೆಸರನ್ನು ಹೇಳಿಕೊಂಡು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ ಲಿಪಿ; ಗಾಂಧಾರದ ಕಡೆಯದು; ದಕ್ಷಿಣದಲ್ಲಿ ಅದನ್ನು ಓದಬಲ್ಲವರು ಇದ್ದಿರಲಾರರು. ಹಾಗಾದರೆ ಈತ ಯಾರಿಗಾಗಿ ಹಾಗೆ ಬರೆದ? ಸಾವಿರಾರು ಮೈಲಿ ದೂರದ ತನ್ನ ಸೀಮೆಯ ಅಕ್ಷರವನ್ನು ಕೊನೆಗೊಮ್ಮೆ ಬರೆದು ನೋಡುವ ಆಸೆ ಅವನಿಗೆ ಹುಟ್ಟಿರಬೇಕು. ವಾಯವ್ಯದ ಗಡಿಯಿಂದ ದುರ್ಗದ ಸೀಮೆಯವರೆಗೆ ನೆಲದ ದಾರಿಯಲ್ಲಿ ಬಂದವರ ಪೈಕಿ ಹೆಸರು ಹೇಳಿಕೊಂಡ ಮೊದಲಿಗನು ದಂಡನಾಯಕನಲ್ಲ, ವರ್ತಕನೂ ಅಲ್ಲ, ಒಬ್ಬ ಬರವಣಿಗೆಯವನು. ಇದು ನಮಗೆ ಸಂತೋಷದ ಸಂಗತಿಯಾಗಬೇಕು.

ಕಡಲು ಕಳಿಸಿದ ನಾಣ್ಯ

ಇನ್ನು ಕಡಲಿನ ದಾರಿ. ಚಿತ್ರದುರ್ಗದ ಬೆಟ್ಟದ ಪಶ್ಚಿಮಕ್ಕೆ, ಗುಡ್ಡಗಳ ನಡುವೆ ಚಂದ್ರವಳ್ಳಿ ಎಂಬ ಕಣಿವೆಯಿದೆ. ಇಂದು ಅಲ್ಲಿಗೆ ಹೋಗುವವರು ಕೆರೆಯನ್ನೂ ಅಂಕಲಿ ಮಠದ ಗುಹೆಗಳನ್ನೂ ನೋಡಿ ಬುತ್ತಿಯುಂಡು ಹಿಂದಿರುಗುತ್ತಾರೆ. ಆದರೆ ಅವರ ಕಾಲಿನ ಕೆಳಗೆ ಶಾತವಾಹನರ ಕಾಲದ ಪಟ್ಟಣವೊಂದಿದೆ. ೧೯೦೯ರಲ್ಲಿ ಆರ್. ನರಸಿಂಹಾಚಾರ್ಯರು, ೧೯೨೯ರಲ್ಲಿ ಎಂ. ಎಚ್. ಕೃಷ್ಣ ಅವರು, ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಅಗೆದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ದಿನಾರಿಗಳು ಅಲ್ಲಿ ಸಿಕ್ಕಿವೆ. ಒಂದು ಚೀನೀ ನಾಣ್ಯವೂ ಸಿಕ್ಕಿತು. ಅದರ ಕಾಲದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ.

ರೋಮಿನ ಬೆಳ್ಳಿ ಬಯಲುಸೀಮೆಯ ಮಣ್ಣಿಗೆ ಹೇಗೆ ಬಂದಿತು? ಮುಂಗಾರಿನ ಗಾಳಿಯ ಗುಟ್ಟನ್ನು ತಿಳಿದ ನಾವಿಕರು ಕೆಂಪುಸಮುದ್ರದ ಬಂದರುಗಳಿಂದ ಹೊರಟು, ದಂಡೆ ಹಿಡಿದು ಸಾಗುವ ಬದಲು ಕಡಲನ್ನು ನೇರವಾಗಿ ದಾಟಿ ನಮ್ಮ ಪಶ್ಚಿಮದ ತೀರಕ್ಕೆ ಬರುತ್ತಿದ್ದರು. ಮೆಣಸು, ನಯವಾದ ಬಟ್ಟೆ, ರತ್ನಗಳನ್ನು ಒಯ್ಯುತ್ತಿದ್ದರು. ಬದಲಿಗೆ ಕೊಡಲು ಅವರಲ್ಲಿ ಇದ್ದುದು ಮುಖ್ಯವಾಗಿ ಚಿನ್ನ, ಬೆಳ್ಳಿ ಮತ್ತು ದ್ರಾಕ್ಷಾಮದ್ಯ. ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಹೀರುತ್ತಿದೆ ಎಂದು ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿ ಗೊಣಗಿದ್ದಾನೆ. ಹಾಗೆ ಹರಿದುಬಂದ ಬೆಳ್ಳಿಯಲ್ಲಿ ನಾಲ್ಕು ಹನಿ ಘಟ್ಟವನ್ನೇರಿ, ಹೊರೆಯೆತ್ತುಗಳ ಬೆನ್ನಿನ ಮೇಲೆ ಚಂದ್ರವಳ್ಳಿಯವರೆಗೂ ಬಂದಿತು. ಹಡಗು ಘಟ್ಟವನ್ನು ಹತ್ತಲಾರದು; ಆದರೆ ಹಡಗಿನ ವ್ಯಾಪಾರ ಹತ್ತಬಲ್ಲದು.

ವೀಲರ್ ಅವರ ಅಗೆತದಲ್ಲಿ ಇನ್ನೊಂದು ವಿಶೇಷವಿದೆ. ಅವರು ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆದು, ಇಟಲಿಯಿಂದ ಬಂದ ಮಡಕೆಗಳ ಆಧಾರದ ಮೇಲೆ ಆ ಬಂದರಿನ ಕಾಲವನ್ನು ನಿಶ್ಚಯಿಸಿದ್ದರು. ಅದೇ ಬಂದರಿನಲ್ಲಿ ಸಿಕ್ಕ, ಒಳಗೆ ಚಕ್ರದ ಗೆರೆಗಳುಳ್ಳ ನಯವಾದ ತಟ್ಟೆಗಳ ಚೂರುಗಳು ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿದುವು. ಆ ಚೂರುಗಳನ್ನು ಹಿಡಿದುಕೊಂಡು, ಅವುಗಳ ಕೆಳಗಿನ ಪದರಗಳಿಗೂ ಮೇಲಿನ ಪದರಗಳಿಗೂ ಅವರು ಕಾಲವನ್ನು ಕಟ್ಟಿದರು. ಹೀಗೆ ದಕ್ಷಿಣದ ಒಳನಾಡಿನ ಪ್ರಾಚೀನ ಕಾಲಗಣನೆಗೆ ಮೊದಲ ಮೊಳೆ ಹೊಡೆದದ್ದು ಕಡಲತೀರದ ಒಂದು ಬಂದರು. ಮುಂದಿನ ಸಂಶೋಧನೆ ಆ ಕಾಲಗಳನ್ನು ಹಿಂದಕ್ಕೆ ಸರಿಸಿದೆ, ನಿಜ. ಆದರೆ ಕಡಲಿಗೂ ಬೆಟ್ಟಕ್ಕೂ ಇದ್ದ ನಂಟು ಅಲ್ಲಗಳೆಯುವಂತಹುದಲ್ಲ.

ಚಂದ್ರವಳ್ಳಿಯ ಬಂಡೆಯ ಮೇಲೆಯೇ ಕದಂಬರ ಮಯೂರಶರ್ಮನ ಶಾಸನವಿದೆ. ಆತ ಅಲ್ಲಿ ಕೆರೆ ಕಟ್ಟಿಸಿದ ವಿಷಯವನ್ನು ಅದು ಹೇಳುತ್ತದೆ. ಅದರಲ್ಲಿ ಬರುವ ದೂರದ ನಾಡುಗಳ ಹೆಸರುಗಳನ್ನು ಓದುವ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಕೆರೆಯ ಅರ್ಥ ಸ್ಪಷ್ಟ. ನೀರಿರುವಲ್ಲಿ ದಾರಿಹೋಕ ನಿಲ್ಲುತ್ತಾನೆ. ದಾರಿಹೋಕ ನಿಲ್ಲುವಲ್ಲಿ ಊರು ನಿಲ್ಲುತ್ತದೆ. ಬಯಲುಸೀಮೆಯ ದಾರಿಗಳೆಲ್ಲ ಕೆರೆಯಿಂದ ಕೆರೆಗೆ ಹಾರಿದ ದಾರಿಗಳೇ.

ಬಾಗಿಲು ಮುಚ್ಚಿದ ನಾಡು

ಪಾಳೆಯಗಾರರ ಕಾಲಕ್ಕೆ ಬಂದರೆ ನೋಟ ಬದಲಾಗುತ್ತದೆ. ವಿಜಯನಗರದ ಆಶ್ರಯದಲ್ಲಿ ತಿಮ್ಮಣ್ಣನಾಯಕನಿಗೆ ಮೊದಲು ಹೊಳಲ್ಕೆರೆ, ಆಮೇಲೆ ಹಿರಿಯೂರು, ಕೊನೆಗೆ ಚಿತ್ರದುರ್ಗ ದೊರೆತವೆಂದು ಈ ಮನೆತನದ ಕಥೆ ಹೇಳುತ್ತದೆ. ಪಶ್ಚಿಮದ ಮಲೆನಾಡಿನ ಕಡೆಯ ದಾರಿಗೆ ಹೊಳಲ್ಕೆರೆ, ದಕ್ಷಿಣದ ಶಿರೆಯ ಕಡೆಯ ದಾರಿಗೆ ಹಿರಿಯೂರು, ಇವೆರಡೂ ಕೂಡುವಲ್ಲಿ ದುರ್ಗ: ಮೂರನ್ನು ಒಟ್ಟಿಗೆ ನೋಡಿದರೆ ಇದು ಊರುಗಳ ಪಟ್ಟಿಯಲ್ಲ, ಬಾಗಿಲುಗಳ ಪಟ್ಟಿ ಎಂದು ತೋರುತ್ತದೆ.

ತಿಮ್ಮಣ್ಣನಾಯಕನ ಬಗ್ಗೆ ಇನ್ನೊಂದು ಕಥೆಯೂ ಉಂಟು. ವಿಜಯನಗರದ ಸೇನೆ ಅವನ ಮೇಲೆ ಬಂದು ಮುತ್ತಿಗೆ ಹಾಕಿದಾಗ ಆತ ರಾತ್ರಿ ಪಾಳೆಯವನ್ನು ಹೊಕ್ಕು ರಾಜಕುಮಾರನ ಕುದುರೆಯನ್ನೇ ಬಿಚ್ಚಲು ಹೋದನಂತೆ. ಲಾಯದವನು ಎಚ್ಚರಗೊಂಡದ್ದರಿಂದ ಹುಲ್ಲಿನ ಅಡಿಯಲ್ಲಿ ಅಡಗಿದ. ಕುದುರೆಯನ್ನು ಮತ್ತೆ ಕಟ್ಟಲು ಲಾಯದವನು ಹೊಡೆದ ಗೂಟ ನಾಯಕನ ಅಂಗೈಯನ್ನು ತೂರಿ ನೆಲಕ್ಕಿಳಿಯಿತು. ಆತ ಉಸಿರೆತ್ತಲಿಲ್ಲ. ಎಲ್ಲರೂ ಮಲಗಿದ ಮೇಲೆ ಕೈಯನ್ನೇ ಕತ್ತರಿಸಿಕೊಂಡು ಕುದುರೆಯೊಡನೆ ಪಾರಾದ. ಇಂಥವನು ಮನಸ್ಸು ಮಾಡಿದ್ದರೆ ರಾಜಕುಮಾರನ ತಲೆಯನ್ನೇ ಒಯ್ಯಬಹುದಿತ್ತು ಎಂದು ಅರಿತು ವಿಜಯನಗರದವರು ಸಂಧಿ ಮಾಡಿಕೊಂಡರಂತೆ. ಕಥೆಯ ಸತ್ಯಾಸತ್ಯ ಹಾಗಿರಲಿ. ಬೇರೆಯವರ ಕಾವಲಿನೊಳಗೆ ನುಸುಳಬಲ್ಲವನೇ ತನ್ನ ಕೋಟೆಯ ಕಾವಲನ್ನು ಬಲ್ಲವನು ಎಂಬ ನೀತಿ ಅದರಲ್ಲಿ ಅಡಗಿದೆ.

ಆ ನೀತಿಯನ್ನು ಅವನ ವಂಶದವರು ಕಲ್ಲಿನಲ್ಲಿ ಕಟ್ಟಿದರು. ಏಳು ಸುತ್ತಿನ ಕೋಟೆಯೆಂದು ಹೆಸರಾದ ಈ ದುರ್ಗಕ್ಕೆ ಹತ್ತೊಂಬತ್ತು ಹೆಬ್ಬಾಗಿಲು, ಮೂವತ್ತೆಂಟು ದಿಡ್ಡಿ, ಮೂವತ್ತೈದು ಕಳ್ಳಗಂಡಿ ಎಂಬುದು ಹಿಂದಿನಿಂದ ಬಂದ ಎಣಿಕೆ. ಹೆಬ್ಬಾಗಿಲಿನ ಮುಂದೆ ದಾರಿ ಎಲ್ಲಿಯೂ ನೇರವಾಗಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಥಟ್ಟನೆ ತಿರುಗುತ್ತದೆ. ಆನೆ ಓಡಿಬಂದು ಕದವನ್ನು ಗುದ್ದಲು ಎಡೆಯಿಲ್ಲ. ಬಂದವನ ಬೆನ್ನು ಯಾವಾಗಲೂ ಯಾವುದಾದರೂ ಒಂದು ಗೋಡೆಯ ಗುರಿಗೆ ಸಿಕ್ಕಿರುತ್ತದೆ. ದಾರಿಯನ್ನು ಕಟ್ಟುವುದು ಒಂದು ವಿದ್ಯೆಯಾದರೆ ದಾರಿಯನ್ನು ಕೆಡಿಸುವುದೂ ಒಂದು ವಿದ್ಯೆ. ಅದರಲ್ಲಿ ದುರ್ಗದ ಶಿಲ್ಪಿಗಳನ್ನು ಮೀರಿಸಿದವರು ವಿರಳ.

ಆದರೂ ಒಂದು ಕಿಂಡಿ ಉಳಿಯಿತು. ಓಬವ್ವನ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರಿಗೆ ಹೋದ ಅವನ ಹೆಂಡತಿ ಹೈದರಾಲಿಯ ಸೈನಿಕರು ಕಿಂಡಿಯೊಳಗಿಂದ ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು, ಒನಕೆ ಹಿಡಿದು ನಿಂತಳು. ೧೯೭೨ರ ‘ನಾಗರಹಾವು’ ಚಿತ್ರದಿಂದ ಈ ಕಥೆ ಮನೆಮನೆಗೂ ಮುಟ್ಟಿತು. ಇಂದು ಆ ಕಿಂಡಿಯಲ್ಲಿ ಬಗ್ಗಿ ತೂರುವ ಪ್ರವಾಸಿಗರು ಒಂದು ಅಂಶವನ್ನು ಗಮನಿಸಬೇಕು. ಆ ಕಿಂಡಿಯನ್ನು ಶತ್ರು ಕೊರೆದದ್ದಲ್ಲ. ಅದು ಮೊದಲಿನಿಂದಲೂ ಇತ್ತು. ಕೋಟೆಯೊಳಗಿನವರೂ ಹಾಲು ಮೊಸರು ಕೊಳ್ಳಬೇಕು, ಹೊರಗಿನ ನಂಟರನ್ನು ಕಾಣಬೇಕು. ಉಸಿರಾಡಲು ಬೇಕಾದಷ್ಟು ಕಿಂಡಿಯಿಲ್ಲದೆ ಯಾವ ನಾಡೂ ಬದುಕಲಾರದು. ಆ ಕಿಂಡಿಯಲ್ಲೇ ಶತ್ರುವೂ ಬರುತ್ತಾನೆ.

ಕೊನೆಗೆ ೧೭೭೯ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದನು. ಕೊನೆಯ ದೊರೆ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ತ. ರಾ. ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರಿಗೆ ಆ ದಿನಗಳ ಸಂಕಟವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ದೊರೆಯ ಹಿಂದೆಯೇ ಇನ್ನೂ ಒಂದು ದೊಡ್ಡ ಗುಂಪು ಅದೇ ದಾರಿಯಲ್ಲಿ ನಡೆಯಿತು. ದುರ್ಗದ ಬಲವೆಲ್ಲ ಅದರ ಬೇಡರಲ್ಲಿದೆ ಎಂದರಿತ ಹೈದರನು ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಗಂಡುಮಕ್ಕಳಿಂದ ಚೇಲಾ ಎಂಬ ದಳಗಳನ್ನು ಕಟ್ಟಿದನೆಂದು ಇತಿಹಾಸಕಾರರು ಬರೆದಿದ್ದಾರೆ. ನಾಡಿನೊಳಕ್ಕೆ ಬರುವ ದಾರಿಗಳನ್ನು ಎಣಿಸುವಾಗ ನಾವು ಮರೆಯುವ ಮಾತು ಇದೇ: ಒಳಕ್ಕೆ ಬಂದ ದಾರಿಯೇ ಹೊರಕ್ಕೂ ಹೋಗುತ್ತದೆ, ಹೋಗುವವರು ಯಾವಾಗಲೂ ತಾವಾಗಿ ಹೋಗುವುದಿಲ್ಲ.

ಹಡಗಿಳಿದ ದಂಡು, ನಡೆದುಬಂದ ವೈದ್ಯ

ಹನ್ನೆರಡು ವರ್ಷದಲ್ಲಿ ಮತ್ತೊಂದು ದಂಡು ಬಂದಿತು. ಟಿಪ್ಪುವಿನ ಮೇಲಣ ಮೂರನೆಯ ಯುದ್ಧದಲ್ಲಿ ಮರಾಠರ ಪರಶುರಾಮ ಭಾವೂವಿನ ಸೇನೆ ೧೭೯೧ರಲ್ಲಿ ಧಾರವಾಡವನ್ನು ಹಿಡಿದು ದಕ್ಷಿಣಕ್ಕೆ ಸರಿದು, ಈ ಸೀಮೆಯನ್ನು ಹಾದು ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಅದರ ಜೊತೆಯಲ್ಲಿ ಕ್ಯಾಪ್ಟನ್ ಲಿಟ್ಲ್ ಎಂಬುವನ ಕೈಕೆಳಗೆ ಇಂಗ್ಲಿಷರ ಮುಂಬಯಿ ದಳವೊಂದಿತ್ತು. ಈ ದಳ ಮುಂಬಯಿಯಿಂದ ಹಡಗಿನಲ್ಲಿ ಬಂದು ಕೊಂಕಣದ ಜಯಗಡದ ಅಳಿವೆಯನ್ನು ಸೇರಿ, ಅಂಬಾ ಘಟ್ಟವನ್ನೇರಿ ಮರಾಠರನ್ನು ಕೂಡಿಕೊಂಡಿತ್ತು. ರೋಮಿನ ನಾಣ್ಯ ಬಂದ ಬಗೆಯಲ್ಲೇ, ಕಡಲು ಇಳಿದು ಘಟ್ಟ ಹತ್ತಿ, ಈಗ ಬಂದೂಕು ಬಂದಿತು. ದಂಡು ಹಾದುಹೋದ ಹಳ್ಳಿಗಳ ಪಾಡನ್ನು ವರ್ಣಿಸಬೇಕಾಗಿಲ್ಲ. ಹೆದ್ದಾರಿಯ ಮೇಲಿನ ಹಿರಿಯೂರಿನಂತಹ ಊರುಗಳು ಲೂಟಿಗೂ ಹಸಿವಿಗೂ ಒಟ್ಟಿಗೆ ತುತ್ತಾದುವು. ದಾರಿಯ ಪಕ್ಕದ ಊರು ಶಾಂತಿಕಾಲದಲ್ಲಿ ಸಂತೆಯಾಗುತ್ತದೆ, ಯುದ್ಧಕಾಲದಲ್ಲಿ ಸುಡುಗಾಡಾಗುತ್ತದೆ.

ಇದಾದ ಹತ್ತು ವರ್ಷಕ್ಕೆ, ೧೮೦೧ರಲ್ಲಿ, ಬೇರೆಯ ಬಗೆಯ ಪ್ರವಾಸಿಯೊಬ್ಬ ಬಂದ. ಟಿಪ್ಪುವಿನ ಪತನಾನಂತರ ಈ ಸೀಮೆಗಳ ಬೇಸಾಯ, ಕಸುಬು, ವ್ಯಾಪಾರಗಳನ್ನು ವಿಚಾರಿಸಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಈತ. ಮದರಾಸಿನಿಂದ ಹೊರಟು, ಮೈಸೂರು ಮಲಬಾರುಗಳನ್ನು ಕಂಡು, ಕರಾವಳಿಯನ್ನು ಸುತ್ತಿ, ಘಟ್ಟವನ್ನೇರಿ ನಗರಕ್ಕೆ ಬಂದು, ಅಲ್ಲಿಂದ ಚಿತ್ರದುರ್ಗದ ಮೂಲಕ ಹಿರಿಯೂರಿನವರೆಗಿನ ಪ್ರಯಾಣಕ್ಕೆ ತನ್ನ ಗ್ರಂಥದ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮೂರು ಸಂಪುಟಗಳ ಆ ಗ್ರಂಥ ೧೮೦೭ರಲ್ಲಿ ಅಚ್ಚಾಯಿತು. ದಂಡಿನವನು ಕೋಟೆಯ ಎತ್ತರವನ್ನು ಬರೆದುಕೊಂಡರೆ ಈತ ಬೆಳೆಗಳನ್ನೂ ದನಕರುಗಳನ್ನೂ ಕಂಬಳಿಯ ಬೆಲೆಯನ್ನೂ ಬರೆದುಕೊಂಡ. ಕಂಪನಿಯ ಲಾಭಕ್ಕಾಗಿಯೇ ಬರೆದದ್ದು ಹೌದು. ಆದರೂ ಇಂದು ನಮ್ಮ ಮುತ್ತಜ್ಜಂದಿರ ಬಾಳನ್ನು ತಿಳಿಯಬೇಕಾದರೆ ನಾವು ಆ ಪುಟಗಳನ್ನೇ ಮಗುಚುತ್ತೇವೆ.

ಎತ್ತಿನಿಂದ ರೈಲಿಗೆ

ಈ ದಂಡುಗಳಿಗೆಲ್ಲ ಧಾನ್ಯ ಹೊತ್ತವರು ಯಾರು? ಲಂಬಾಣಿಗಳು. ಸಾವಿರಾರು ಹೇರೆತ್ತುಗಳನ್ನು ಹೊಡೆದುಕೊಂಡು, ಹೆಂಗಸರು ಮಕ್ಕಳೊಡನೆ, ಕಡಲ ದಂಡೆಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಕಾಳನ್ನು ಬೇರೆ ಬೇರೆ ಸೀಮೆಗಳಿಗೂ ಸಾಗಿಸಿದ ಜನ ಇವರು. ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣವನ್ನು ಮುಟ್ಟಿದ್ದರಲ್ಲಿ ಇವರ ಎತ್ತುಗಳ ಪಾಲು ದೊಡ್ಡದು. ರಸ್ತೆಯೆಂಬುದು ಇಲ್ಲದ ಕಡೆ ಇವರ ಎತ್ತಿನ ಹೆಜ್ಜೆಯೇ ರಸ್ತೆ.

ಆಮೇಲೆ ರಸ್ತೆ ಬಂದಿತು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮೀಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರು ಸೀಮೆಯ ಉದ್ದಗಲಕ್ಕೂ ರಸ್ತೆ ಸೇತುವೆಗಳನ್ನು ಕಟ್ಟಿಸಿದರು. ಚಿತ್ರದುರ್ಗ ಆಗ ಸಂಸ್ಥಾನದ ನಾಲ್ಕು ವಿಭಾಗಗಳಲ್ಲಿ ಒಂದರ ಮುಖ್ಯಸ್ಥಳ. ಹೇರೆತ್ತಿನ ಜಾಗಕ್ಕೆ ಗಾಡಿ ಬಂದಿತು. ಆದರೆ ಗಾಡಿಯ ಮಿತಿ ಎಷ್ಟೆಂಬುದನ್ನು ೧೮೭೬-೭೮ರ ಬರಗಾಲ ತೋರಿಸಿಕೊಟ್ಟಿತು. ಮದರಾಸಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಧಾನ್ಯವನ್ನು ಒಳನಾಡಿಗೆ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತುವು. ೧೮೭೧ರಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ತುಸು ಕಡಿಮೆಯಾಗಿತ್ತು. ದಾರಿಯಿಲ್ಲದಿರುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂದು ಈ ಎರಡು ಅಂಕಿಗಳಷ್ಟು ಕಟುವಾಗಿ ಹೇಳುವುದು ಮತ್ತೊಂದಿಲ್ಲ.

ಆ ಬರದ ಪಾಠದಿಂದಲೇ ರೈಲಿನ ಕೆಲಸ ಚುರುಕಾಯಿತು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂಡಿ ಓಡಿತು. ಆ ದಶಕ ಮುಗಿಯುವ ಹೊತ್ತಿಗೆ ಹಳಿ ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆಗಳ ಮೇಲೆ ಹರಿಹರವನ್ನು ದಾಟಿ ಪುಣೆಯ ಕಡೆಗೆ ಸಾಗಿತು. ಆದರೆ ಹಳಿ ಜಿಲ್ಲೆಯ ಪಶ್ಚಿಮದ ಸೆರಗನ್ನು ಮಾತ್ರ ಮುಟ್ಟಿತು. ಹೊಸದುರ್ಗಕ್ಕೆ ಸಿಕ್ಕಿದ್ದು ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ. ರೈಲ್ವೆಯವರ ನಿಘಂಟಿನಲ್ಲಿ ‘ರೋಡ್’ ಎಂಬ ಬಾಲವಿದ್ದರೆ, ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಿ ಎಂದು ಅರ್ಥ. ಜಿಲ್ಲೆಯ ಮುಖ್ಯಸ್ಥಳವಾದ ಚಿತ್ರದುರ್ಗಕ್ಕೆ ರೈಲು ಬಂದದ್ದು ೧೯೨೧ರಲ್ಲಿ, ಚಿಕ್ಕಜಾಜೂರಿನಿಂದ ಕವಲೊಡೆದ ಸಣ್ಣ ಹಳಿಯ ಮೇಲೆ. ಅಲ್ಲಿಗೆ ಆ ಹಳಿ ನಿಂತೇಬಿಟ್ಟಿತು. ಮುಂದೆ ರಾಯದುರ್ಗಕ್ಕೆ ಬೆಳೆಯಲು ೧೯೯೦ರ ದಶಕ ಬರಬೇಕಾಯಿತು. ಹಿರಿಯೂರಿಗಂತೂ ಹಳಿಯ ಭಾಗ್ಯ ದೊರೆಯದೆ ಇಪ್ಪತ್ತನೆಯ ಶತಮಾನ ಕಳೆದುಹೋಯಿತು. ಇತ್ತ ಬೆಂಗಳೂರು-ಪುಣೆ ಮಾರ್ಗದ ಮೇಲೆ ಕುಳಿತ ದಾವಣಗೆರೆ ಹತ್ತಿಯ ಗಿರಣಿಗಳ ನಗರವಾಗಿ ಬೆಳೆದು, ೧೯೯೭ರಲ್ಲಿ ಬೇರೆ ಜಿಲ್ಲೆಯೇ ಆಯಿತು. ಹಳಿ ಇಪ್ಪತ್ತು ಮೂವತ್ತು ಮೈಲಿ ಆಚೆಗೆ ಸರಿದರೆ ಊರುಗಳ ಹಣೆಯ ಬರಹ ಹೇಗೆ ಬದಲಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ.

ಲಂಬಾಣಿಗಳ ಕಥೆ ಏನಾಯಿತು? ಗಾಡಿಯೂ ರೈಲೂ ಬಂದ ಮೇಲೆ ಅವರ ಹೇರೆತ್ತಿಗೆ ಕೆಲಸ ತಪ್ಪಿತು. ದಾರಿಯನ್ನೇ ಮನೆಯಾಗಿ ಮಾಡಿಕೊಂಡಿದ್ದ ಜನ ದಾರಿಯ ಪಕ್ಕದಲ್ಲಿ ತಾಂಡ ಕಟ್ಟಿ ನಿಂತರು. ಸೌದೆ ಹೊತ್ತರು, ಕೂಲಿ ಮಾಡಿದರು. ಹೊಳಲ್ಕೆರೆ ಹೊಸದುರ್ಗಗಳ ಸುತ್ತಿನ ತಾಂಡಗಳು ಕೇವಲ ಹಳ್ಳಿಗಳಲ್ಲ. ನಿಂತುಹೋದ ಒಂದು ದೊಡ್ಡ ಸಾರಿಗೆ ವ್ಯವಸ್ಥೆಯ ಕುರುಹುಗಳು. ಹೊಸ ದಾರಿಯೊಂದು ತೆರೆದಾಗ ಹಳೆಯ ದಾರಿಯನ್ನು ನಂಬಿದ್ದವರ ಗತಿಯೇನೆಂದು ಆಗ ಯಾರೂ ಕೇಳಲಿಲ್ಲ.

ನದಿಯ ಬಾಗಿಲಿಗೆ ಹಾಕಿದ ಕದ

ಈ ಸೀಮೆಯಲ್ಲಿ ಮನುಷ್ಯರು ಬೇಕೆಂದೇ ಮುಚ್ಚಿದ ದಾರಿಯೊಂದಿದೆ. ಹಿರಿಯೂರಿನ ಹತ್ತಿರ ವೇದಾವತಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ತೂರಿ ಬರುತ್ತಿದ್ದ ಜಾಗಕ್ಕೆ ಮಾರಿಕಣಿವೆ ಎಂದು ಹೆಸರು. ೧೮೯೮ರಲ್ಲಿ ಅಲ್ಲಿ ಅಣೆಕಟ್ಟಿನ ಕೆಲಸ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಆ ಸಾಗರ ಬಯಲುಸೀಮೆಗೆ ಸಿಕ್ಕಿದ ಒಂದೇ ಒಂದು ಕಡಲು ಎನ್ನಬೇಕು. ಆದರೆ ಈ ಕಡಲು ತುಂಬುವುದು ಅಪರೂಪ. ೧೯೩೩ರಲ್ಲಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು ೨೦೨೨ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಬಳಿಕ. ಆಗ ಊರೂರಿನಿಂದ ಜನ ಬಂಡಿ ಕಟ್ಟಿಕೊಂಡಂತೆ ಬಂದು ನೀರನ್ನು ನೋಡಿ ಕೈಮುಗಿದರು. ೨೦೨೫ರ ಜನವರಿಯಲ್ಲಿ ಅದು ಮತ್ತೊಮ್ಮೆ ತುಂಬಿತು. ನಾಡಿಗೆ ಬರುವವರಲ್ಲೆಲ್ಲ ಇಲ್ಲಿನವರು ಹಗಲಿರುಳು ಕಾಯುವುದು ಈ ಒಬ್ಬ ಅತಿಥಿಯನ್ನು ಮಾತ್ರ.

ಹೆದ್ದಾರಿ

ಇಂದು ಭೂಪಟವನ್ನು ಬಿಡಿಸಿದರೆ ಚಿತ್ರದುರ್ಗ ರಸ್ತೆಗಳ ಗಂಟಿನಂತೆ ಕಾಣುತ್ತದೆ. ದೆಹಲಿ, ಮುಂಬಯಿ, ಬೆಂಗಳೂರು, ಚೆನ್ನೈಗಳನ್ನು ಕೂಡಿಸುವ ೪೮ನೆಯ ರಾಷ್ಟ್ರೀಯ ಹೆದ್ದಾರಿ ಹಿರಿಯೂರಿನ ಮೇಲೆ ಹಾದು ದುರ್ಗದ ಪಕ್ಕದಲ್ಲಿ ಸಾಗುತ್ತದೆ. ಹೊಸಪೇಟೆ, ವಿಜಯಪುರಗಳ ಕಡೆಯಿಂದ ೫೦ನೆಯ ಹೆದ್ದಾರಿ ಇಳಿದುಬರುತ್ತದೆ. ದುರ್ಗದಿಂದ ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೆ, ಅಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ರಸ್ತೆ ಹಿಂದೆ ೧೩ನೆಯ ಹೆದ್ದಾರಿಯ ಭಾಗವಾಗಿತ್ತು. ೧೯೭೫ರಲ್ಲಿ ನವಮಂಗಳೂರು ಬಂದರು ತೆರೆದ ಮೇಲೆ ಒಳನಾಡಿಗೂ ಕಡಲಿಗೂ ನಂಟು ಹೊಸದಾಯಿತು. ೨೦೦೦ದ ದಶಕದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಸಾಲುಗಟ್ಟಿ ಈ ಹೆದ್ದಾರಿಯಲ್ಲಿ ಬಂದರಿಗೆ ಇಳಿದುವು. ರೋಮಿನ ಕಾಲದಲ್ಲಿ ಕಡಲಿನಿಂದ ಬೆಳ್ಳಿ ಮೇಲಕ್ಕೆ ಬಂದಿದ್ದರೆ, ಈ ಕಾಲದಲ್ಲಿ ನೆಲದ ಹೊಟ್ಟೆಯೇ ಕಡಲಿಗೆ ಇಳಿಯಿತು. ದಾರಿಬದಿಯ ಊರುಗಳಿಗೆ ಉಳಿದದ್ದು ಧೂಳು, ಕಿತ್ತುಹೋದ ಡಾಂಬರು.

ನಾಲ್ಕು ಮಹಾನಗರಗಳನ್ನು ಬೆಸೆಯುವ ಸುವರ್ಣ ಚತುಷ್ಪಥದ ಯೋಜನೆ ೧೯೯೯ರಲ್ಲಿ ಆರಂಭವಾಗಿ ಈ ರಸ್ತೆಯನ್ನು ಅಗಲ ಮಾಡಿತು. ಊರಿನೊಳಕ್ಕೆ ಹೋಗದೆ ಬಳಸಿ ಹೋಗುವ ಬೈಪಾಸುಗಳನ್ನು ತಂದಿತು. ಅಪಘಾತಗಳು ತಗ್ಗಲಿ, ವೇಗ ಹೆಚ್ಚಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಒಂದು ವಿಚಿತ್ರ ನಡೆಯಿತು. ಹಿಂದೆ ದುರ್ಗದ ಬಾಗಿಲನ್ನು ತಟ್ಟದೆ ಯಾರೂ ಉತ್ತರದಿಂದ ದಕ್ಷಿಣಕ್ಕೆ ಸುಲಭವಾಗಿ ಹೋಗುವಂತಿರಲಿಲ್ಲ. ಇಂದು ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮುಂಬಯಿಗೋ ಹೊರಟವನು ಗಾಢನಿದ್ರೆಯಲ್ಲಿಯೇ ಈ ಸೀಮೆಯನ್ನು ದಾಟಿಬಿಡುತ್ತಾನೆ. ಹೈದರನ ತೋಪುಗಳನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ನಾಡನ್ನು ಅವನು ಹಾಯುವುದಕ್ಕೆ ಒಂದು ಗಂಟೆ ಸಾಕು.

ಹುಲ್ಲುಗಾವಲಿಗೆ ಇಳಿದ ಪುಷ್ಪಕ

ಕೊನೆಯದು ವಾಯುಮಾರ್ಗ. ಹಿರಿಯೂರಿನ ಉತ್ತರಕ್ಕಿರುವ ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರವೊಂದು ೨೦೧೭ರಲ್ಲಿ ಉದ್ಘಾಟನೆಯಾಯಿತು. ಚಾಲಕನಿಲ್ಲದ ‘ರುಸ್ತುಂ-೨’ ವಿಮಾನ ಅದಕ್ಕೂ ಮೊದಲೇ, ೨೦೧೬ರಲ್ಲಿ, ಅಲ್ಲಿಂದ ಮೇಲೆದ್ದಿತ್ತು. ೨೦೨೩ರ ಏಪ್ರಿಲ್ ೨ರಂದು ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು; ಅದು ತಾನೇ ತಾನಾಗಿ ದಾರಿಯನ್ನು ಹುಡುಕಿಕೊಂಡು ಅಲ್ಲಿನ ಓಡುದಾರಿಯ ಮೇಲೆ ಇಳಿಯಿತು. ೨೦೨೪ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ‘ಪುಷ್ಪಕ್’ ಎಂಬ ಹೆಸರಿನಿಂದ ಮತ್ತೆರಡು ಬಾರಿ ಪರೀಕ್ಷೆ ನಡೆಯಿತು. ಮುಂದೊಂದು ದಿನ ಬಾಹ್ಯಾಕಾಶಕ್ಕೆ ಹೋಗಿ ಹಿಂದಿರುಗುವ ವಾಹನಕ್ಕೆ ಇದು ಪೂರ್ವಾಭ್ಯಾಸ. ಖೈಬರಿನ ದಾರಿ ಬಂದ ನಾಡಿಗೆ, ಕಡಲಿನ ದಾರಿ ಬಂದ ನಾಡಿಗೆ, ಈಗ ಅಂತರಿಕ್ಷದ ದಾರಿಯೂ ಬರುವ ಸನ್ನಾಹದಲ್ಲಿದೆ. ಇದು ಹೆಮ್ಮೆಯ ಸಂಗತಿ, ಅನುಮಾನವಿಲ್ಲ.

ಆದರೆ ಈ ನೆಲದ ಪೂರ್ವವೃತ್ತಾಂತವನ್ನೂ ನೆನೆಯಬೇಕು. ಇದು ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಕಟ್ಟಿದ ರಾಸುಗಳ ಇಲಾಖೆಯನ್ನು ಹೈದರನು ಬೆಳೆಸಿದನು, ಟಿಪ್ಪು ‘ಅಮೃತಮಹಲ್’ ಎಂದು ಕರೆದನು. ತೋಪುಗಳನ್ನು ಎಳೆಯುತ್ತಿದ್ದ ಆ ಎತ್ತುಗಳ ಬಲದಿಂದಲೇ ಹೈದರನು ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿ ಚಿದಂಬರವನ್ನು ಮುಟ್ಟಿದನೆಂದು ಹೇಳುತ್ತಾರೆ. ಅಂತಹ ರಾಸುಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳಲ್ಲಿ ಕಾಲಾನುಕ್ರಮದಲ್ಲಿ ಸುತ್ತಿನ ಹಳ್ಳಿಗಳ ದನ, ಕುರಿಗಳೂ ಮೇದುವು; ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ನೂರಾರು ಮನೆಗಳ ಗಂಜಿ. ಸಾವಿರಾರು ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಗಿ ಬೇಲಿ ಎದ್ದಾಗ ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ದೇಶಕ್ಕೆ ರಕ್ಷಣೆಯೂ ಬೇಕು, ವಿಜ್ಞಾನವೂ ಬೇಕು ಎಂಬುದನ್ನು ಅವರೂ ಅಲ್ಲಗಳೆದವರಲ್ಲ. ತಮ್ಮ ಕುರಿ ಎಲ್ಲಿ ಮೇಯಬೇಕು ಎಂದಷ್ಟೇ ಅವರು ಕೇಳಿದರು.

ಈ ಪ್ರಶ್ನೆ ಹೊಸದಲ್ಲ. ನೂರೈವತ್ತು ವರ್ಷಗಳ ಹಿಂದೆ ಲಂಬಾಣಿ ಕೇಳಬಹುದಾಗಿದ್ದ ಪ್ರಶ್ನೆಯೇ ಇದು. ಒಂದು ವ್ಯತ್ಯಾಸ ಮಾತ್ರ ಉಂಟು. ಅಶೋಕನ ದಾರಿಯಲ್ಲಿ ಚಪಡ ಬಂದಂತೆ ಇಸಿಲದವನೂ ಹೋಗಬಹುದಿತ್ತು. ಹೇರೆತ್ತಿನ ದಾರಿ, ಗಾಡಿಯ ದಾರಿ, ರೈಲು, ಬಸ್ಸು ಎಲ್ಲದರಲ್ಲೂ ಇಲ್ಲಿನವನಿಗೆ ಒಂದಿಷ್ಟು ಜಾಗವಿತ್ತು. ಚಿಕ್ಕಾಸು ಕೊಟ್ಟರೆ ಅವನೂ ಹತ್ತಬಹುದಿತ್ತು. ಆಕಾಶದಿಂದ ಇಳಿದ ಈ ದಾರಿಯಲ್ಲಿ ಅವನು ಹೆಜ್ಜೆಯಿಡುವಂತಿಲ್ಲ. ಬೇಲಿಯ ಹೊರಗೆ ನಿಂತು ತಲೆಯೆತ್ತಿ ನೋಡಬಹುದು. ನಾಡಿನೊಳಗೆ ಬಂದು, ನಾಡಿನವರಿಗೆ ಬಾಗಿಲಿಲ್ಲದ ದಾರಿ ಇದು ಮೊದಲನೆಯದು. ಆ ದಾರಿಗೂ ಒಂದು ದಿಡ್ಡಿಯನ್ನು ಇಡುವುದು ಅಸಾಧ್ಯವೇನಲ್ಲ. ಬೇಲಿಯ ಒಳಗೆ ಆ ಹಳ್ಳಿಗಳ ಮಕ್ಕಳಿಗೆ ಕಲಿಯುವ ಎಡೆ, ದುಡಿಯುವ ಎಡೆ, ಹೊರಗೆ ಕುರಿಗಳಿಗೆ ಸಾಕಷ್ಟು ಹುಲ್ಲು ದೊರೆತರೆ ಅದೇ ದಿಡ್ಡಿ. ಕೋಟೆ ಕಟ್ಟಿದ ನಾಯಕರು ಮೂವತ್ತೆಂಟನ್ನು ಇಟ್ಟಿದ್ದರು.

ಮುಂದಿನ ಸಲ ಹೆದ್ದಾರಿಯಲ್ಲಿ ಹೋಗುವ ವಾಚಕರು ಸಾಧ್ಯವಾದರೆ ಹಗಲು ಹೊರಟು ದುರ್ಗದಲ್ಲಿ ಇಳಿಯಲಿ. ಕೋಟೆಯನ್ನು ನೋಡಿದ ಮೇಲೆ ಚಂದ್ರವಳ್ಳಿಯ ಕೆರೆಯ ಏರಿಯ ಮೇಲೂ ಒಂದು ಗಳಿಗೆ ಕೂರಲಿ. ರೋಮಿನ ಬೆಳ್ಳಿಯನ್ನು ಎಣಿಸಿಕೊಂಡ ಒಬ್ಬ ವರ್ತಕ ತನ್ನ ಎತ್ತುಗಳಿಗೆ ನೀರು ಕುಡಿಸಿದ್ದು ಈ ಕಣಿವೆಯಲ್ಲೇ ಇರಬೇಕು. ಅವನು ಎಲ್ಲಿಂದ ಬಂದ, ಎಲ್ಲಿಗೆ ಹೋದ ಎಂಬುದು ಯಾರಿಗೂ ತಿಳಿಯದು. ಇಲ್ಲಿ ಇಳಿದಿದ್ದ ಎಂಬುದಷ್ಟು ನಿಜ. ಇಳಿದುದರಿಂದಲೇ ಅವನ ಗುರುತು ಮಣ್ಣಿನಲ್ಲಿ ಉಳಿಯಿತು.